ವಿಚಾರಣೆಗೆ ನಾನೇ ಬರುತ್ತೇನೆ

ಸೊಸೆಗೆ ಆಶೀರ್ವಾದ.

ನನ್ನ ಕಿವಿ ಮಂದವಾಗಿರುವುದನ್ನು ನಿನ್ನ ಮಾವನವರಿಗೂ ಹೇಳಿರಲಿಲ್ಲ. ಮೊಬೈಲಿನಲ್ಲಿ ಒಮ್ಮೆ ಕಿವಿಯ ಮಷೀನು ಹುಡುಕಿದ್ದೆ, ಅಷ್ಟೆ. ಫೋನ್ ಕಂಪನಿಯವರು ಆ ಸುದ್ದಿಯನ್ನೇ ಮಷೀನಿನ ಅಂಗಡಿಯವರಿಗೆ ಮಾರಿಕೊಂಡರು. ಬೀಗರು ಕೂತಿದ್ದಾಗ ಯಾರೋ ಫೋನ್ ಮಾಡಿ, “ಅಜ್ಜೀ, ಕಿವಿ ಕೇಳಲ್ವಂತೆ, ಮಷೀನ್ ಕಳಿಸ್ಲಾ?” ಎಂದು ಕಿರುಚಿದ. ಸ್ಪೀಕರ್ ಹಾಕಿದ್ದೆ, ಎಲ್ಲರಿಗೂ ಕೇಳಿಸಿತು.

ನಿಮ್ಮ ಬಳಕೆದಾರರ ಸಂಘ ಕಂಪನಿಯ ಮೇಲೆ ದೂರು ಕೊಟ್ಟಿದ್ದು ಸರಿಯಾಯಿತು. ಈ ಮನೆಗೆ ತಕ್ಕ ಸೊಸೆ ನೀನು. ಆದರೆ ನನ್ನ ಮರ್ಯಾದೆ ಉಳಿಸಲು ನನ್ನ ಹೆಸರು ಮುಚ್ಚಿಡುತ್ತೇನೆ ಎಂದೆಯಲ್ಲ, ಅದು ಬೇಡ. ನನ್ನ ಕಿವಿಯ ವಿಷಯ ಯಾರಿಗೆ ಹೇಳಬೇಕೆಂದು ತೀರ್ಮಾನಿಸುವವಳು ನಾನು.

ದೂರಿನ ವಿಚಾರಣೆಯ ದಿನ ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಹಾಕಿಸು. ಕಂಪನಿಯ ವಕೀಲರು ಜೋರಾಗಿ ಪ್ರಶ್ನೆ ಕೇಳಲಿ. ಉತ್ತರವನ್ನು ಇಡೀ ಸಭೆಗೆ ಕೇಳಿಸುವಂತೆ ಕೊಡುತ್ತೇನೆ.

ನಿನ್ನ ಅತ್ತೆ