ಒಳಗಿರುವವನ ಒಪ್ಪಿಗೆ

ಪೆನ್ನಾಗರಂ
ಏಪ್ರಿಲ್ 20, 2025, ಭಾನುವಾರ ಸಂಜೆ

ಪ್ರೀತಿಯ ಮೊಮ್ಮಗಳು ಭುವನಾಳಿಗೆ,

ಸೇಲಂನ ಸೆಕೆಯಲ್ಲಿ ಆ ಹಾಸ್ಟೆಲ್ಲಿನ ಮೇಲಂತಸ್ತಿನಲ್ಲಿ ಹೇಗೆ ಮಲಗುತ್ತೀಯೋ ಮರಿ. ಕಣ್ಣುರಿ ಕಡಿಮೆಯಾಯಿತೆ? ಇಡೀ ದಿನ ಮೈಕ್ರೋಸ್ಕೋಪು ನೋಡುವವಳು ತಲೆಗೆ ಹರಳೆಣ್ಣೆ ಹಚ್ಚಿಕೋ, ವಾಸನೆ ಅನ್ನಬೇಡ. ಇಲ್ಲಿ ನನ್ನ ಮೊಣಕಾಲು ಮೊದಲಿನಂತೆಯೇ ಇದೆ, ನಿಮ್ಮಜ್ಜಿಯ ಬಾಯಿಯೂ ಮೊದಲಿನಂತೆಯೇ ಇದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನನ್ನ ಕಿವಿಗೆ ಸ್ಪೀಕರ್ ಹಾಕಬೇಕು, ಹಾಕಿದರೆ ಅವಳಿಗೂ ಕೇಳುತ್ತದೆ. ಅವಳು ಓದಿದ್ದು ತಮಿಳು. ನಾನು ಹಳೇ ಕ್ಯಾಲೆಂಡರು ನೋಡಿ ಕಲಿತು ನಿನಗೂ ಕಲಿಸಿದ ಈ ಕನ್ನಡ ಅಕ್ಷರ ನಮ್ಮ ಮನೆಯಲ್ಲಿ ನಮ್ಮಿಬ್ಬರಿಗೇ ಗೊತ್ತು.

ವಿಷಯ ಏನೆಂದರೆ, ನೀನು ಕೇಳಿದ್ದ ಆಡುಸೋಗೆ ಸೊಪ್ಪು ನಾಳೆ ಬರುವುದಿಲ್ಲ. ಪಕ್ಕದ ಮನೆಯ ವೇಣು ಬೆಳಗಿನ ಬಸ್ಸಿಗೆ ಸೇಲಂಗೆ ಬರುವವನು ಈ ಕಾಗದವನ್ನು ಮಾತ್ರ ತರುತ್ತಾನೆ. ಬಂಡೆ ಸಂದಿನ ಗಿಡದ್ದೇ, ಬಿಸಿಲಿಗೆ ಕಾದ ಎಲೆಯೇ ಬೇಕು, ಮೊದಲ ಮಳೆ ಬಿದ್ದರೆ ಇನ್ನೊಂದು ಬೇಸಿಗೆಯವರೆಗೆ ನಿನ್ನ ಕೆಲಸ ನಿಲ್ಲುತ್ತದೆ ಎಂದು ನೀನು ಹೇಳಿದ್ದು ಮರೆತಿಲ್ಲ. ಹೊಗೇನಕಲ್ ಕಡೆ ಮೋಡ ಕಟ್ಟುತ್ತಿರುವುದನ್ನೂ ನೋಡುತ್ತಿದ್ದೇನೆ. ಆದರೆ ನಾನು ಬಂಡೆ ಹತ್ತಲಾರೆ, ಬೇರೆಯವರು ಆ ಗಿಡಕ್ಕೆ ಕೈ ಹಾಕಲು ನಿಮ್ಮಜ್ಜಿ ಬಿಡುವುದಿಲ್ಲ, ತಾನೂ ಕೀಳುವುದಿಲ್ಲ ಎಂದು ಕೂತಿದ್ದಾಳೆ.

ಕಾರಣ ನೀನೇ. ಹೋದ ಸಲ ಬಂದಾಗ ಜಗಲಿಯಲ್ಲಿ ಕೂತು ಹೇಳಿದೆಯಲ್ಲ, ಎಲೆಯೊಳಗೆ ಕಣ್ಣಿಗೆ ಕಾಣದ ಬೂಷ್ಟು ಎಳೆಎಳೆಯಾಗಿ ವಾಸ ಮಾಡುತ್ತದೆ, ಗಿಡಕ್ಕೆ ಕೇಡು ಮಾಡುವುದಿಲ್ಲ, ಬಿಸಿಲು ಬರ ತಡೆಯಲು ಅದರ ಸಹಾಯವೂ ಇರಬಹುದು ಎಂದು. ಅದನ್ನು ಹೊರತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಉಪ್ಪು ಹಾಕಿ, ಕಾವು ಕೊಟ್ಟು, ಎಷ್ಟು ತಡೆದುಕೊಳ್ಳುತ್ತದೆ ನೋಡುತ್ತೇವೆ ಎಂದೆ. ನಾನು ಸುಮ್ಮನೆ ತಲೆಯಾಡಿಸಿದೆ. ಅವಳು ನಿಜವಾಗಿ ಕೇಳಿಸಿಕೊಂಡಳು.

ಅವಳ ಪದ್ಧತಿ ನಿನಗೆ ಗೊತ್ತು. ಔಷಧಿಗೆ ಕೀಳುವ ಮುಂಚೆ ಅರಿಶಿನದ ದಾರವನ್ನು ಗಿಡಕ್ಕೆ ರಕ್ಷೆಯ ಕಾಪಾಗಿ ಕಟ್ಟಿ, ಬುಡಕ್ಕೆ ಒಂದು ಚೊಂಬು ನೀರು ಹಾಕಿ, ಗಿಡದ ಒಪ್ಪಿಗೆ ಕೇಳಬೇಕು. ಈಗ ಅವಳ ವಾದ ಇದು: “ಇಷ್ಟು ವರ್ಸ ಗಿಡುನ್ನ ಕೇಳ್ದೆ. ಒಳಗೊಬ್ಬ ಅವ್ನೆ ಅಂತ ಯಾರೂ ಏಳ್ಲಿಲ್ಲ. ಮನೆಯೋರ್ನ ಕೇಳ್ಬುಟ್ಟು ಬಾಡಿಗೆಯೋನ್ನ ಒತ್ಕೊಂಡೋದ್ರೆ ಸರಿಯಾ?” ಬಾಡಿಗೆಯವನಿಗೆ ಕಿವಿಯಿಲ್ಲ ಕಣೇ ಎಂದೆ. “ಗಿಡುಕ್ಕೆ ಐತಾ?” ಎಂದಳು. ನಿನ್ನ ಉಪ್ಪು, ಕಾವಿನ ವಿಷಯಕ್ಕಂತೂ, “ಪಾವಂ, ಅದೇನ್ ತಪ್ಪು ಮಾಡೈತೆ ಅಂತ ಅಂಗೆ ಕಾಯಿಸ್ತಾಳೆ ನಿನ್ ಮೊಮ್ಮಗ್ಳು?” ಎಂದು ನನ್ನನ್ನೇ ಬೈಯುತ್ತಾಳೆ. ಕೆಮ್ಮಿಗೆಂದು ಬಂದವರನ್ನೂ ಆಸ್ಪತ್ರೆಗೆ ಹೋಗಿ ಎಂದು ವಾಪಸು ಕಳಿಸುತ್ತಿದ್ದಾಳೆ.

ನನ್ನ ತಲೆಯೂ ಕೆಟ್ಟಿದೆ ಮರಿ. ಹಿತ್ತಲ ಕುಂಡದ ಆಡುಸೋಗೆಗೆ ದಿನಾ ನೀರು ಹಾಕುತ್ತೇನೆ, ಮಧ್ಯಾಹ್ನವಾದರೆ ತಲೆ ಇಳಿಬಿಡುತ್ತದೆ. ಬಂಡೆಯದು ಕಾದ ಕಲ್ಲಿನಲ್ಲೂ ಹಸಿರು. ಹಾಗಾದರೆ ಕುಂಡದ್ದರಲ್ಲಿ ಬಾಡಿಗೆಯವನು ಇಲ್ಲವೆ, ಇದ್ದೂ ಸೋಮಾರಿಯೆ? ಚಿಕ್ಕಂದಿನಲ್ಲಿ ನಿನ್ನ ಎದೆಯ ಕಫ ಇಳಿಸಿದ್ದು ಗಿಡವೋ ಅವನೋ? ಯಾರಿಗೆ ಕೈಮುಗಿಯಬೇಕಿತ್ತು? ಅವಳಿಗೆ ಏನು ಹೇಳಲಿ ಎಂದು ನೀನೇ ತಿಳಿಸು. ತಮಿಳಿನಲ್ಲಿ ಬರೆ, ಅವಳೇ ಓದಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಹಿಡಿದ ಕೆಲಸ ಕೈಗೂಡಲಿ, ಕಣ್ಣು ತಂಪಾಗಿರಲಿ.

ನಿನ್ನ ತಾತ,
ನಂಜಪ್ಪ

ಮತ್ತೆ ಬರೆದದ್ದು, ಸೋಮವಾರ ಬೆಳಿಗ್ಗೆ: ವೇಣು ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದಾನೆ. ಸೊಪ್ಪು ಬರುತ್ತಿದೆ. ನಾನು ಏಳುವಷ್ಟರಲ್ಲಿ ಅವಳು ಬಂಡೆಗೆ ಹೋಗಿ ಎರಡು ದಾರ ಕಟ್ಟಿ ಬಂದಿದ್ದಾಳೆ, ಗಿಡಕ್ಕೊಂದು, ಒಳಗಿರುವವನಿಗೊಂದು. “ಎಲೆ ಅಳ್ಳಾಡ್ತು, ಊಂ ಅಂದವ್ನೆ” ಅಂತಾಳೆ. ಬೆಳಗಿನಿಂದಲೂ ಗಾಳಿ ಬೀಸುತ್ತಿದೆ, ಅದಿರಲಿ. ಆದರೆ ದಾರಿಯಲ್ಲಿ ಅವನು ಹೆದರದಿರಲಿ ಎಂದು ಕಿತ್ತ ಕಡ್ಡಿಗೂ ದಾರ ಸುತ್ತಿ, ಎಲೆಗೆಲ್ಲ ಅರಿಶಿನ ಬಳಿದಿದ್ದಾಳೆ. ಬೂಷ್ಟು ಬಾರದಿರಲಿ ಎಂದು ನಾವು ಉಪ್ಪಿನಕಾಯಿಗೆ ಹಾಕುವುದೂ ಅದೇ ಅರಿಶಿನ. ಎಲೆಯ ಮೇಲ್ಮೈಯನ್ನು ಸ್ಪಿರಿಟ್ಟಿನಲ್ಲಿ ತೊಳೆದರೂ ಒಳಗಿನದು ಸಾಯುವುದಿಲ್ಲ ಎಂದು ನೀನೇ ಹೇಳಿದ್ದೆ. ಅರಿಶಿನಕ್ಕೂ ಹಾಗೆಯೇ ತಾನೆ? ಅವನು ಬದುಕಿದ್ದರೆ ಅವಳಿಗೆ ಫೋನ್ ಮಾಡು. ಇಲ್ಲದಿದ್ದರೆ ನನಗೆ ಕನ್ನಡದಲ್ಲಿ ಕಾಗದ ಬರೆ.