ಮನೆಯಿಂದ ತಂದ ಮಾತು

ಸಿರುಗುಪ್ಪ
೧೪ ನವೆಂಬರ್ ೨೦೨೪

ಪ್ರೀತಿಯ ಮೀನಾಕ್ಷಿ,

ಹೇಗಿದ್ದೀಯ? ಬಳ್ಳಾರಿಯಲ್ಲಿ ನಿಮ್ಮ ಕಾಲೇಜಿನ ಪರೀಕ್ಷೆಯ ಗದ್ದಲ ಮುಗಿಯಿತೇ? ದೀಪಾವಳಿಗೇ ಬರೆಯಬೇಕೆಂದಿದ್ದೆ, ತಡವಾಯಿತು, ಬೈದುಕೋ. ನಮ್ಮ ಯಜಮಾನರು ಹೋದ ಮೇಲೆ ಬಂದ ಮೊದಲ ಹಬ್ಬ. ಒಬ್ಬಳಿಗೆ ಯಾವ ಹೋಳಿಗೆ ಎಂದು ಒಲೆಯನ್ನೇ ಹಚ್ಚಲಿಲ್ಲ.

ಈ ಸಲ ಬಿ.ಎ. ಮಕ್ಕಳಿಗೆ ಗಂಡ ಹೆಂಡತಿಯ ಕಥೆಯ ಒಂದು ಇಂಗ್ಲಿಷ್ ನಾಟಕ ಹೇಳುತ್ತಿದ್ದೇನೆ. ಸತ್ಯನಾರಾಯಣಪೇಟೆಯ ರೂಮಿನಲ್ಲಿ ಎಂ.ಎ. ಓದುವಾಗ ನಾವಿಬ್ಬರೂ ಭಾಷಾವಿಜ್ಞಾನವನ್ನು ನಾಟಕಕ್ಕೆ ಹಚ್ಚಿ ನೋಡುತ್ತಿದ್ದೆವಲ್ಲ: ಯಾರು ಮೊದಲು ಮಾತು ತೆಗೆಯುತ್ತಾರೆ, ಯಾರು ಪ್ರಶ್ನೆ ಕೇಳುತ್ತಾರೆ, ಯಾರು ಸುಮ್ಮನಾಗುತ್ತಾರೆ? ಅದನ್ನೇ ವಿವರಿಸಿದೆ. ಎಲ್ಲರೂ ಪಿಳಿಪಿಳಿ ಕಣ್ಣು ಬಿಟ್ಟರು. ನಾಟಕ ಆಮೇಲೆ, ಮೊದಲು ನಿಮ್ಮ ನಿಮ್ಮ ಮನೆಯ ಒಂದು ಮಾತುಕತೆಯನ್ನು ಇಂಗ್ಲಿಷಿನಲ್ಲಿ ಬರೆದು ತನ್ನಿ ಎಂದೆ.

ಕುರುಗೋಡಿನಿಂದ ಬಸ್ಸಿಗೆ ಬರುವ ಗವಿಸಿದ್ದೇಶ್ ತನ್ನದನ್ನು ಓದಿ ತಾನೇ ಬೆರಗಾದ. "ಮೇಡಂ, ನಮ್ಮ ಮನಿಯಾಗ ಪ್ರಶ್ನಿ ಕೇಳಾವ ಬರೇ ಅಪ್ಪನ್ರಿ. ಅವ್ವ ಒಂದೂ ಕೇಳಂಗಿಲ್ಲ. ದಿನಾ ಅಲ್ಲೇ ಇದ್ರೂ ನಂಗ ಗೊತ್ತಾಗಿರಲಿಲ್ಲ." ಆಮೇಲೆ ನಾಟಕದ ಹೆಂಡತಿ ಏಕೆ ಸುಮ್ಮನಿದ್ದಾಳೆಂದು ಅವನಿಗೆ ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ. ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಮನೆಗೆ ಹೋಗಿ ಯಾರಿಗಾದರೂ ಹೇಳಬೇಕೆನಿಸಿತು.

ಮಕ್ಕಳಿಗೆ ಕೊಟ್ಟ ಕೆಲಸವನ್ನು ನಾವೂ ಮಾಡಬೇಕೆಂದು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಟ್ಟಳೆ ಹಾಕಿದ ಮಹಾತಾಯಿ ನೀನೇ! ಮೂಕಮ್ಮ ಎಂಬ ಹುಡುಗಿ ನನ್ನನ್ನು ಬಿಡಲಿಲ್ಲ. "ನಿಮ್ದೂ ಓದ್ರಿ ಮೇಡಂ" ಎಂದು ಕೂತಳು. ನೀನೂ ನಾನೂ ಫೋನಿನಲ್ಲಿ ಆಡಿದ ಮಾತು ಓದಿದೆ. ಅವಳು ಕೂಡಲೇ ಹಿಡಿದಳು: "ಎಲ್ಲಾ ಮೀನಾಕ್ಷಿ ಮೇಡಮ್ಮೇ ಮೊದ್ಲು ಕೇಳ್ತಾರ್ರಿ. ಊಟ ಆತೇನು, ನಿದ್ದಿ ಬಂತೇನು ಅಂತ. ನಿಮ್ಮನ್ನ ಭಾಳ ಹಚ್ಕೊಂಡಾರ ನೋಡ್ರಿ." ತರಗತಿಯೆಲ್ಲ ಚಪ್ಪಾಳೆ ತಟ್ಟಿತು. ನಾನೂ ನಕ್ಕೆ.

ನಿಮ್ಮ ಅತ್ತೆಯವರಿಗೆ ನಮಸ್ಕಾರ ತಿಳಿಸು. ನಿನ್ನ ಮಗಳು ಅಕ್ಷತಾಳಿಗೆ ನನ್ನ ಆಶೀರ್ವಾದ. ಮನೆಮಂದಿಯೆಲ್ಲ ತಣ್ಣಗಿರಿ.

ನಿನ್ನ
ಚನ್ನಿ

ಮರೆತದ್ದು: ಆ ಫೋನಿನ ಮಾತು ನಡೆದೇ ಇಲ್ಲ, ಮೀನಾಕ್ಷಿ. ನಿನ್ನ ಪಾಲಿನದನ್ನೂ ನಾನೇ ಬರೆದುಕೊಂಡೆ. ಯಜಮಾನರ ಮಣ್ಣಿಗೆ ಬಂದು ಅತ್ತು ಹೋದವಳು ಆಮೇಲೆ ಒಂದು ಸಲವೂ ಫೋನು ಮಾಡಲಿಲ್ಲ. ಏನು ಹೇಳಬೇಕೆಂದು ತೋಚದೆ ಸುಮ್ಮನಿದ್ದೀಯ, ಬಲ್ಲೆ. ನಾನೇ ಮಾಡಿದರೆ ಎತ್ತುತ್ತೀಯ, ಅದೂ ಗೊತ್ತು. ಸಮಾಧಾನದ ಮಾತು ಬೇಡವೇ ಬೇಡ. ಊಟ ಆತೇನ ಚನ್ನಿ ಅಂತ, ನೀನೇ ಮೊದಲು ಕೇಳು.