ಮೇಲಿನ ಪದರ

ಡೆಸ್ ಪ್ಲೇನ್ಸ್, ಇಲಿನಾಯ್
೧೯ ಅಕ್ಟೋಬರ್ ೨೦೦೩

ಪ್ರೀತಿಯ ಅಮ್ಮಿ, ನಿಮ್ಮ ಸುಬಿಯಾಳ ಸಲಾಂ.

ಮಂಡಿನೋವು ಹೇಗಿದೆ? ಹರಿಹರದಲ್ಲಿ ಮಳೆ ನಿಂತಿದೆಯೇ? ಮೆಟ್ಟಿಲಿನ ಪಾಚಿ ಒಣಗುವ ತನಕ ಬಟ್ಟೆ ಹರವಲು ನೀವು ಮಹಡಿ ಹತ್ತಬೇಡಿ, ತಂಗಿ ಅನಮ್‌ಳನ್ನು ಕಳಿಸಿ. ನಿಮ್ಮ ತಮ್ಮ, ನಮ್ಮ ಮಜೀದ್ ಮಾಮು, ಚೆನ್ನಾಗಿದ್ದಾರೆ. ಮುಂದಿನ ವಾರ ರಂಜಾನ್ ಅಂತ ಈಗಲೇ ಖರ್ಜೂರ ತಂದಿಟ್ಟು ದಿನಾ ಒಂದೊಂದು ತಿನ್ನುತ್ತಿದ್ದಾರೆ.

ಇಲ್ಲಿಯ ಬೇಸಿಗೆಯಲ್ಲಿ ಫೋನಿನಲ್ಲಿ ನಾನು ಅತ್ತದ್ದು ಯಾಕೆಂದು ಈಗ ಹೇಳುತ್ತೇನೆ. ನನ್ನ ಪಿಎಚ್.ಡಿ. ಮಿಶಿಗನ್ ಸರೋವರದ ತಳದ ಕೆಸರಿನ ಮೇಲೆ. ಸರೋವರ ಅನ್ನುತ್ತಾರೆ, ಆಚೆ ದಡವೇ ಕಾಣುವುದಿಲ್ಲ. ಸಿಹಿನೀರಿನ ಸಮುದ್ರ ಅಂದುಕೊಳ್ಳಿ. ಹಡಗಿನಿಂದ ಉದ್ದನೆಯ ಕೊಳವೆ ಇಳಿಸಿ ಕೆಸರನ್ನು ಕಂಬದ ಹಾಗೆ ಮೇಲೆತ್ತುತ್ತೇವೆ. ನನಗೆ ಬೇಕಾದದ್ದು ಅದರ ನೆತ್ತಿಯ ಎರಡು ಬೆರಳಿನಷ್ಟು ಮಾತ್ರ, ಅಂದರೆ ನಾನು ಹುಟ್ಟಿದ ಮೇಲೆ ಕೂತ ಕೆಸರು. ಅಂಬಲಿಯ ಹಾಗೆ ತೆಳು. ಜೂನ್‌ನಲ್ಲಿ ಕೊಳವೆ ತಳಕ್ಕೆ ಜೋರಾಗಿ ಬಡಿದು ಅದೆಲ್ಲ ಕದಡಿಹೋಯಿತು. ಕೆಳಗಿನ ಹಳೆಯ ಕೆಸರಿನ ಮೇಲೆಯೇ ಬರೆದು ಮುಗಿಸು ಎಂದರು ಪ್ರೊಫೆಸರ್. ಮಾಮು ಅಂತೂ, "ಎರಡು ಬೆರಳು ಕೆಸರಿಗೋಸ್ಕರ ಡಿಗ್ರಿ ಯಾಕಮ್ಮಾ ನಿಲ್ಲಿಸ್ತೀಯಾ? ಸಿಕ್ಕಿದ್ದರಲ್ಲಿ ಫಿನಿಶ್ ಮಾಡು" ಎಂದರು. ನಾನು ಒಪ್ಪಲಿಲ್ಲ.

ಮೊನ್ನೆ ಬೇರೆ ತಂಡದವರ ಹಡಗಿನಲ್ಲಿ ಜಾಗ ಸಿಕ್ಕಿತು. ಈ ವರ್ಷದ ಕೊನೆಯ ಪ್ರಯಾಣ ಅದು. ಬಂದರು ದಾಟುತ್ತಲೇ ವಾಂತಿ ಶುರುವಾಯಿತು. ಮೊದಲು ಇಳಿಸಿದಾಗ ಕೊಳವೆ ವಾಲಿ ಖಾಲಿಯೇ ಬಂತು. ಗಾಳಿ ಏರುತ್ತಿದೆ, ವಾಪಸ್ ಹೋಗೋಣ ಎಂದ ಕ್ಯಾಪ್ಟನ್. ಇನ್ನೊಂದು ಸಲ ಇಳಿಸದೆ ನಾನು ಇಲ್ಲಿಂದ ಕದಲುವುದಿಲ್ಲ ಎಂದೆ. ನನ್ನ ಮುಖ ನೋಡಿ ಆತ ಎಂಜಿನ್ ತಗ್ಗಿಸಿದ. ಕೊಳವೆಗೆ ಕಟ್ಟಿದ್ದ ತೂಕದ ಗುಂಡುಗಳಲ್ಲಿ ಅರ್ಧ ತೆಗೆಸಿ, ಕಂಬಿ ಹಿಡಿದು ನಿಂತು, ಕೈಸನ್ನೆಯಲ್ಲೇ ನಿಧಾನ, ನಿಧಾನ ಎನ್ನುತ್ತಾ ಇಳಿಸಿದೆ. ಮೇಲೆ ಬಂದಾಗ ಕೊಳವೆಯಲ್ಲಿ ತಿಳಿನೀರು, ಅದರಡಿ ಒಂದಿಷ್ಟೂ ಕದಡದ ಕಂದು ಕೆಸರು, ಅದರ ಮೇಲೆ ಇನ್ನೂ ಹರಿದಾಡುತ್ತಿದ್ದ ಒಂದು ಹುಳು. ಅಲುಗಾಡಬಾರದೆಂದು ದಡ ಮುಟ್ಟುವ ತನಕ ಕೊಳವೆಯನ್ನು ತಬ್ಬಿಕೊಂಡೇ ನಿಂತಿದ್ದೆ. ಕರೆದೊಯ್ಯಲು ಬಂದ ಮಾಮು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರನ್ನು ಗಂಟೆಗೆ ನಲವತ್ತು ಮೈಲಿ ದಾಟಿಸಲಿಲ್ಲ. ಹಿಂದಿನವರೆಲ್ಲ ಹಾರ್ನ್ ಹೊಡೆದರೂ ತಿರುಗಿ ನೋಡಲಿಲ್ಲ.

ಆ ಕೆಸರಿನಲ್ಲಿ ಉಗುರಿಗಿಂತ ಚಿಕ್ಕ, ಪಟ್ಟೆಪಟ್ಟೆ ಚಿಪ್ಪಿನ ಚೂರುಗಳಿವೆ. ನಾನು ಹುಟ್ಟಿದಾಗ ಅವು ಇಲ್ಲಿರಲೇ ಇಲ್ಲ. ಕ್ಯಾಸ್ಪಿಯನ್ ಸಮುದ್ರದ ಕಡೆಯ ಜೀವಿಗಳು, ಹಡಗುಗಳ ತಳದ ನೀರಿನಲ್ಲಿ ಬಂದು ಇಲ್ಲೇ ಸಂಸಾರ ಹೂಡಿವೆ. ಪ್ರೊಫೆಸರ್ ಬಹಳ ಹೊತ್ತು ನೋಡಿದರು, ಹಳೆಯ ಕೆಸರಿನ ಮಾತು ಮತ್ತೆ ಎತ್ತಲಿಲ್ಲ.

ಅನಮ್‌ಗೆ ಮುತ್ತು. ನಿಮ್ಮ ದುವಾ ನನ್ನ ಮೇಲಿರಲಿ.

ನಿಮ್ಮ ಮಗಳು,
ಸುಬಿಯಾ

ಮರೆತಿದ್ದೆ, ಇಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ನೀವು ನಿಶ್ಚಯಿಸಿದ ಹಾಗೆ ಮೇ ತಿಂಗಳಲ್ಲಿ ಮುಯೀನ್ ಅವರ ಜೊತೆ ನನ್ನ ನಿಕಾಹ್ ಆಗುವುದಿಲ್ಲ ಅಮ್ಮಿ. ಆಗ ನಾನು ಆ ಚಿಪ್ಪುಗಳ ತವರಾದ ಕ್ಯಾಸ್ಪಿಯನ್‌ನಲ್ಲಿ ಕೆಸರು ತೆಗೆಯುವ ಹಡಗಿನಲ್ಲಿರುತ್ತೇನೆ, ಒಪ್ಪಿಗೆ ಕೊಟ್ಟಾಯಿತು. ಮುಯೀನ್ ಅವರಿಗೆ ನಾನೇ ಫೋನ್ ಮಾಡಿ, "ಒಂದು ವರ್ಷ ಕಾಯೋಕೆ ಆಗುತ್ತಾ?" ಎಂದು ಕೇಳಿದೆ. ಅವರು ಅಲ್ಲಿ ಚಳಿ ಎಷ್ಟಿರುತ್ತದೆ ಎಂದು ಕೇಳಿದರು. ಅವರು ಏನು ಹೇಳಿದರೂ ನಾನು ಹೋಗುತ್ತೇನೆ. ಅವರ ತಾಯಿಗೆ ನೀವೇ ಹೋಗಿ ಹೇಳಿಬಿಡಿ, ಬೇರೆಯವರ ಬಾಯಿಂದ ಕೇಳುವುದು ಬೇಡ.